ಕಳ್ಳ ಸಜ್ಜಲನ ಮೂಲ: ‘ಉತ್ಸವ್’ ಚಿತ್ರದ ಆಕರಗಳ ಮರುಪರಿಶೀಲನೆ

ಗಿರೀಶ ಕಾರ್ನಾಡರ ‘ಉತ್ಸವ್’ (1984) ಶೂದ್ರಕನ ‘ಮೃಚ್ಛಕಟಿಕ’ದ ಚಿತ್ರರೂಪ ಎಂದು ಒಂದು ಸಾಲು ಬರೆದು ಮುಂದೆ ಸಾಗುವುದು ನಮ್ಮ ಚಿತ್ರಚರಿತ್ರೆಕಾರರ ರೂಢಿ. ಭಾಸನ ಹೆಸರು ಅಲ್ಲೊಮ್ಮೆ ಇಲ್ಲೊಮ್ಮೆ ಬಂದರೂ, ಅವನಿಂದ ಬಂದದ್ದು ಯಾವುದು ಎಂದು ಬಿಡಿಸಿ ನೋಡುವ ಗೋಜಿಗೆ ಹೆಚ್ಚಿನವರು ಹೋಗಿಲ್ಲ. ಈ ಅವಸರದಲ್ಲಿ ಅನ್ಯಾಯವಾಗಿರುವುದು ಚಿತ್ರದ ಕಳ್ಳನಿಗೆ. ಶಂಕರನಾಗ್ ಅಭಿನಯಿಸಿದ ಆ ಪಾತ್ರವನ್ನು ‘ಉಪಕಥೆ’ ಎಂದು ಕರೆದು ಬದಿಗಿಟ್ಟಿದ್ದೇವೆ. ಸಂಗೀತ ಕಲಿತ ಗಣಿಕೆಯ ಮನೆಗೂ ಕನ್ನ ಕೊರೆಯುವವನ ಬದುಕಿಗೂ ನಂಟು ಬೆಸೆಯುವ ಈ ಪ್ರೇಮಕಥೆಯಲ್ಲಿ ಕಳ್ಳನೇ ನಡುಗಂಬ ಎಂಬುದು ನನ್ನ ವಾದ. ಅದಕ್ಕೆ ಆಧಾರ ಅವನ ಹೆಸರಿನಲ್ಲೇ ಇದೆ.

ಶೂದ್ರಕನ ಕಳ್ಳನ ಹೆಸರು ಶರ್ವಿಲಕ. ಚಿತ್ರದಲ್ಲಿ ಅವನು ಸಜ್ಜಲ. ಸಂಸ್ಕೃತದ ಹೆಸರು ಹಿಂದಿ ಪ್ರೇಕ್ಷಕನ ನಾಲಿಗೆಗೆ ತೊಡಕಾದೀತೆಂದು ಕಾರ್ನಾಡರು ಹಗುರವಾದ ಹೆಸರೊಂದನ್ನು ಹುಡುಕಿದರು ಎಂಬ ವಿವರಣೆ ಸುಲಭವಾಗಿ ಹೊಳೆಯುತ್ತದೆ. ಅದು ನಿಲ್ಲುವುದಿಲ್ಲ. ಸಂಸ್ಥಾನಕ, ಚಾರುದತ್ತ, ಆರ್ಯಕ ಎಂಬ ಹೆಸರುಗಳು ಹೆಚ್ಚು ಬದಲಾಗದೆ ಚಿತ್ರದಲ್ಲಿ ಉಳಿದಿರುವಾಗ ಶರ್ವಿಲಕನೊಬ್ಬನೇ ನಾಲಿಗೆಗೆ ಭಾರವಾದದ್ದು ಹೇಗೆ? ಉತ್ತರ ಸಿಗುವುದು ಭಾಸನದೆನ್ನಲಾದ ‘ಚಾರುದತ್ತ’ ನಾಟಕದಲ್ಲಿ. ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸತೊಡಗಿದ ಹದಿಮೂರು ರೂಪಕಗಳಲ್ಲಿ ಈ ನಾಲ್ಕಂಕದ ನಾಟಕವೂ ಒಂದು. ಅದರಲ್ಲಿ ಕನ್ನ ಕೊರೆಯುವವನ ಹೆಸರು ಸಜ್ಜಲಕ.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ಅದನ್ನು ನಾನೇ ಎತ್ತುತ್ತೇನೆ. ಚಾರುದತ್ತನ ಹೆಂಡತಿ ಶೂದ್ರಕನಲ್ಲಿ ಧೂತೆ, ‘ಉತ್ಸವ್’ನಲ್ಲಿ ಅದಿತಿ. ಈ ಹೆಸರು ಎರಡು ನಾಟಕಗಳಲ್ಲಿಯೂ ಇಲ್ಲ. ಹೆಂಡತಿಗೆ ಹೊಸ ಹೆಸರಿಟ್ಟವರು ಕಳ್ಳನಿಗೂ ಇಟ್ಟಿರಬಾರದೇಕೆ? ಇಡಬಹುದಿತ್ತು. ಆದರೆ ಹೊಸದಾಗಿ ಕಟ್ಟಿದ ಹೆಸರು, ಅದೇ ಕಥೆಯ ಇನ್ನೊಂದು ಪಾಠದಲ್ಲಿ, ಅದೇ ಕೆಲಸ ಮಾಡುವ, ಅದೇ ಹೆಣ್ಣನ್ನು ಪ್ರೀತಿಸುವ ಪಾತ್ರದ ಹೆಸರಿಗೆ ಹೀಗೆ ತಾಳೆಯಾಗುವುದನ್ನು ಕಾಕತಾಳೀಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಂಸ್ಕೃತ ರಂಗಭೂಮಿಯನ್ನು ಅಷ್ಟು ಆಳವಾಗಿ ಓದಿಕೊಂಡಿದ್ದ ಕಾರ್ನಾಡರ ವಿಷಯದಲ್ಲಂತೂ ಸಾಧ್ಯವೇ ಇಲ್ಲ. (‘ಚಾರುದತ್ತ’ ಭಾಸನದೇ ಹೌದೇ, ಅದು ‘ಮೃಚ್ಛಕಟಿಕ’ದ ಮೂಲವೋ ಸಂಕ್ಷೇಪವೋ ಎಂಬ ಹಳೆಯ ಜಗಳ ಇಲ್ಲಿ ಬೇಕಿಲ್ಲ. ಚಿತ್ರಕಾರನ ಮೇಜಿನ ಮೇಲೆ ಎರಡೂ ನಾಟಕಗಳಿದ್ದವು ಎಂದಾದರೆ ನನ್ನ ವಾದಕ್ಕೆ ಅಷ್ಟು ಸಾಕು.)

ಹೆಸರು ಬಾಗಿಲು ಮಾತ್ರ. ಒಳಗಿರುವುದು ಇನ್ನೂ ಮುಖ್ಯವಾದದ್ದು. ಶೂದ್ರಕನ ನಾಲ್ಕನೆಯ ಅಂಕದಲ್ಲಿ ಶರ್ವಿಲಕನಿಗೆ ಗಣಿಕೆ ವಸಂತಸೇನೆಯ ದಾಸಿ ಮದನಿಕೆ ದಕ್ಕಿದ ಗಳಿಗೆಯಲ್ಲೇ, ಗೆಳೆಯ ಆರ್ಯಕನನ್ನು ರಾಜ ಪಾಲಕ ಸೆರೆಗೆ ಹಾಕಿಸಿದ ಸುದ್ದಿ ಕಿವಿಗೆ ಬೀಳುತ್ತದೆ. ಹೊಸ ಹೆಂಡತಿಯನ್ನು ಬಂಡಿಯಲ್ಲಿ ಕಳಿಸಿ ಅವನು ಗೆಳೆಯನನ್ನು ಬಿಡಿಸಲು ಹೊರಡುತ್ತಾನೆ. ಅಲ್ಲಿಂದ ಮುಂದೆ ಅವನು ರಾಜಕೀಯದ ಮನುಷ್ಯ. ‘ಚಾರುದತ್ತ’ದಲ್ಲಿ ಈ ಬಂಡಾಯದ ಎಳೆಯೇ ಇಲ್ಲ, ಸಜ್ಜಲಕ ಕೊನೆಯವರೆಗೂ ಪ್ರೇಮಿಯಾಗಿಯೇ ಉಳಿಯುತ್ತಾನೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ನಮಗೆ ಸಿಕ್ಕಿರುವ ‘ಚಾರುದತ್ತ’ ಮುಗಿಯುವುದು ವಸಂತಸೇನೆ ಚಾರುದತ್ತನನ್ನು ಕಾಣಲು ಹೊರಡುವಲ್ಲಿ. ನಾಯಕ ನಾಯಿಕೆಯರ ಪ್ರೇಮ ಅಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಇಡೀ ನಾಟಕದಲ್ಲಿ ದಡ ಸೇರುವ ಪ್ರೇಮ ಕಳ್ಳನದು ಮತ್ತು ದಾಸಿಯದು ಮಾತ್ರ.

ಈಗ ‘ಉತ್ಸವ್’ನ ಮುಕ್ತಾಯವನ್ನು ನೆನೆಯೋಣ. ಶೂದ್ರಕನಲ್ಲಿ ವಸಂತಸೇನೆ ಕುಲವಧುವಿನ ಪದವಿ ಪಡೆದು ಚಾರುದತ್ತನನ್ನು ಸೇರುತ್ತಾಳೆ. ಚಿತ್ರದಲ್ಲಿ ಚಾರುದತ್ತ ಹೆಂಡತಿಯ ಬಳಿಗೆ ಮರಳುತ್ತಾನೆ, ವಸಂತಸೇನೆ ತನ್ನ ಮನೆಗೆ ಮರಳುತ್ತಾಳೆ, ಖಳ ಸಂಸ್ಥಾನಕ ಅವಳ ಬಾಗಿಲಿಗೆ ಬರುತ್ತಾನೆ. ಇದನ್ನು ಮೂಲಕ್ಕೆ ಬಗೆದ ದ್ರೋಹ ಎನ್ನುವವರು ಒಂದೇ ಮೂಲವನ್ನು ಕಂಡವರು. ಪ್ರೇಮ ಕೈಗೂಡದ ಪಾಠವೊಂದು ಸಂಸ್ಕೃತದಲ್ಲೇ ಇದ್ದಾಗ, ಮುಗಿಯದ ಆ ಕಥೆಗೆ ಬೇರೊಂದು ದಾರಿ ತೋರಿಸುವ ಸ್ವಾತಂತ್ರ್ಯ ಕಾರ್ನಾಡರಿಗೆ ಇತ್ತು. ಅವರು ‘ಚಾರುದತ್ತ’ವನ್ನೇ ಚಿತ್ರ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಚಿತ್ರದಲ್ಲಿ ಆರ್ಯಕನಿದ್ದಾನೆ, ಬಂಡಾಯವಿದೆ, ಅದು ಶೂದ್ರಕನದು. ಚಿತ್ರದಲ್ಲಿ ಬರುವ ವಾತ್ಸ್ಯಾಯನನ ಪಾತ್ರ ಕಾರ್ನಾಡರದು. ಮೂರೂ ಎಳೆಗಳನ್ನು ಬಿಡಿಸಿ ನೋಡಿ ಎಂಬುದಷ್ಟೇ ನನ್ನ ಒತ್ತಾಯ.

ಕಳ್ಳನಿಗೂ ಸಂಗೀತಕ್ಕೂ ಇರುವ ಸಂಬಂಧವನ್ನು ನಮ್ಮವರು ಗಮನಿಸಿದ್ದು ಇನ್ನೂ ಕಡಿಮೆ. ಶೂದ್ರಕನ ಮೂರನೆಯ ಅಂಕ ತೆರೆದುಕೊಳ್ಳುವುದು ಹಾಡಿನ ಗುಂಗಿನಲ್ಲಿ. ಚಾರುದತ್ತ ಮತ್ತು ಅವನ ಗೆಳೆಯ ಮೈತ್ರೇಯ ರೇಭಿಲನೆಂಬ ಗಾಯಕನ ಕಚೇರಿ ಕೇಳಿ ನಡುರಾತ್ರಿ ಮನೆಗೆ ಬರುತ್ತಾರೆ. ಒಬ್ಬನ ಕಿವಿಯಲ್ಲಿ ಇನ್ನೂ ವೀಣೆಯ ನಾದ, ಇನ್ನೊಬ್ಬನ ಕಣ್ಣಲ್ಲಿ ನಿದ್ದೆ. ಅವರು ಮಲಗಿದ ಮೇಲೆ ಶರ್ವಿಲಕ ಬರುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರವನ್ನೇ ಅಳತೆಗೆ ಬಳಸುತ್ತಾನೆ. ಕಮಲ, ಸೂರ್ಯ, ಬಾಲಚಂದ್ರ ಮೊದಲಾದ ಕನ್ನದ ಆಕಾರಗಳನ್ನು ಎಣಿಸಿ, ಆ ಗೋಡೆಗೆ ಪೂರ್ಣಕುಂಭವೇ ಒಪ್ಪುತ್ತದೆ ಎಂದು ಕೊರೆಯುತ್ತಾನೆ. ಒಳಹೊಕ್ಕವನಿಗೆ ಮೊದಲು ಕಾಣುವುದು ಮೃದಂಗ, ವೀಣೆ, ಕೊಳಲು. ಇದೇನು ನಾಟ್ಯಾಚಾರ್ಯನ ಮನೆಯೇ ಎಂಬ ಶಂಕೆ ಅವನಿಗೆ. ಮನೆಯೊಡೆಯ ಬಡವ ಎಂಬ ಅರಿವೂ ಅದರ ಬೆನ್ನಿಗೇ ಬರುತ್ತದೆ. ಕದಿಯಲು ಸಿಗುವುದು ವಸಂತಸೇನೆ ಅಲ್ಲಿ ಇಟ್ಟುಹೋದ ಒಡವೆ. ಅದನ್ನು ಕೊಟ್ಟು ಅವನು ಬಿಡಿಸಿಕೊಳ್ಳಬೇಕಾದದ್ದು ಅವಳದೇ ದಾಸಿ ಮದನಿಕೆಯನ್ನು. ಹಾಡು, ಕಳವು, ಪ್ರೇಮ ಮೂರೂ ಒಂದೇ ರಾತ್ರಿ, ಒಂದೇ ಗೋಡೆಯ ಆಚೀಚೆ ನಡೆಯುತ್ತವೆ. ವಸಂತಸೇನೆಯ ಗಾಯನ ಚಿತ್ರದವರು ಸೇರಿಸಿದ್ದು ಎನ್ನುವವರು ಮೊದಲ ಅಂಕಕ್ಕೆ ಹೋಗಬೇಕು. ಅಲ್ಲಿ ಸಂಸ್ಥಾನಕನ ಜೊತೆಗಾರ ವಿಟ ಅವಳ ರಂಗಪ್ರವೇಶವನ್ನೂ ಕಲೆಗಳ ಶಿಕ್ಷಣವನ್ನೂ ಹೇಳಿ, ದನಿ ಬದಲಿಸುವ ಅವಳ ಜಾಣ್ಮೆಗೆ ಅವನ್ನೇ ಕಾರಣವಾಗಿ ಕೊಡುತ್ತಾನೆ. ಚಿತ್ರದಲ್ಲಿ ಲತಾ, ಆಶಾ ಇಬ್ಬರೂ ಸೇರಿ ಹಾಡಿದ ಗೀತೆಯನ್ನು ವಸಂತಸೇನೆ ಮತ್ತು ಅದಿತಿಗೆ ಹಂಚಿದ್ದು ಈ ಹಿನ್ನೆಲೆಯಲ್ಲಿ ಇನ್ನಷ್ಟು ಅರ್ಥ ಪಡೆಯುತ್ತದೆ.

ಚಿತ್ರದುರ್ಗದವನಾದ ನನಗೆ ಈ ಅಂಕ ಚಂದ್ರವಳ್ಳಿಯನ್ನು ನೆನಪಿಸದೆ ಬಿಡುವುದಿಲ್ಲ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಅಗೆಸಿದಾಗ ಇಟ್ಟಿಗೆಯ ಗೋಡೆಗಳು, ಸಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕವು. 1947ರಲ್ಲಿ ವ್ಹೀಲರ್ ಅಗೆತದಲ್ಲಿ ರೋಮಿನ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ದೊರೆಯಿತು. ಶರ್ವಿಲಕನ ಪಾಠ ಹೀಗಿದೆ: ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆ, ಹಸಿ ಇಟ್ಟಿಗೆಯಾದರೆ ಕತ್ತರಿಸು, ಮಣ್ಣಿನ ಗೋಡೆಯಾದರೆ ನೀರು ಹಾಕಿ ನೆನೆಸು, ಮರವಾದರೆ ಸೀಳು. ಇದನ್ನು ಬರಿಯ ಹಾಸ್ಯವೆಂದು ಓದುವ ವಿಮರ್ಶೆಯನ್ನು ನಾನು ಒಪ್ಪಲಾರೆ. ದೂರದ ನಾಣ್ಯ ಬಂದು ಬೀಳುವ ಇಟ್ಟಿಗೆಯ ಊರುಗಳು ದಕ್ಷಿಣದಲ್ಲೂ ಇದ್ದವು ಎಂಬುದಕ್ಕೆ ಚಂದ್ರವಳ್ಳಿಯ ನೆಲವೇ ಸಾಕ್ಷಿ. ಕವಿ ಅಂಥ ಊರುಗಳ ಗೋಡೆಯನ್ನು ಬಲ್ಲವನು. ಆರನೆಯ ಅಂಕದಲ್ಲಿ ಕಾವಲಿನ ಚಂದನಕ ತಾನು ದಾಕ್ಷಿಣಾತ್ಯನೆಂದು ಹೇಳಿಕೊಂಡು ‘ಕರ್ಣಾಟ ಕಲಹ’ ಹೂಡುವುದೂ ಆರ್ಯಕನನ್ನು ಪಾರುಮಾಡಲಿಕ್ಕೇ. ಆ ಆರ್ಯಕ ತನ್ನ ಪ್ರಾಣ ಉಳಿಸಿದ ಶರ್ವಿಲಕನ ಗೆಳೆಯ ಎಂಬುದೂ ಅವನಿಗೆ ಒಂದು ಕಾರಣ. ಕನ್ನಡಿಗರನ್ನು ಜಗಳಗಂಟರೆಂದದ್ದಕ್ಕೆ ಆ ಮಾತನ್ನು ಎತ್ತಿ ಆಡುವವರು ಅದರ ಹಿಂದಿರುವ ಕಳ್ಳನ ಋಣವನ್ನು ಮರೆಯುತ್ತಾರೆ.

ಕಳ್ಳ ಹೀಗೆ ಬದಿಗೆ ಸರಿಯಲು ‘ಉತ್ಸವ್’ಗಿಂತ ಹಳೆಯ ಕಾರಣವೂ ಇದೆ. ಮೋಹನ ಭವನಾನಿಯವರ ಮೂಕಿಚಿತ್ರ ‘ವಸಂತಸೇನಾ’ದ ನೆನಪೆಲ್ಲ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಕೈಲಾಸಂ ಅವರ ಸುತ್ತ. ರಾಮಯ್ಯರ್ ಶಿರೂರ್ ನಿರ್ದೇಶಿಸಿದ 1941ರ ಕನ್ನಡ ‘ವಸಂತಸೇನಾ’ ಎಂದರೆ ಆರ್. ನಾಗೇಂದ್ರರಾಯರ ಶಕಾರ, ಅಂದರೆ ಸಂಸ್ಥಾನಕ. ಶಕಾರನ ಅಬ್ಬರ ಕೇಳಿ ಬೆಳೆದ ವಿಮರ್ಶೆಗೆ ಕಳ್ಳನ ಮೆಲುದನಿ ಕೇಳಿಸದೇ ಹೋದದ್ದು ಸಹಜ. ಸಹಜವಾದದ್ದೆಲ್ಲ ಸರಿಯಾದದ್ದಲ್ಲ.

ಇನ್ನೊಂದು ಸಂಗತಿಯನ್ನು ದುರ್ಗದ ಓದುಗರಿಗಾಗಿಯೇ ದಾಖಲಿಸುತ್ತೇನೆ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ತೆಗೆದ ‘ಹಂಸಗೀತೆ’ (1975)ಯಲ್ಲಿ ಗಾಯಕ ಭೈರವಿ ವೆಂಕಟಸುಬ್ಬಯ್ಯನಾದವರು ಶಂಕರನಾಗ್ ಅವರ ಅಣ್ಣ ಅನಂತನಾಗ್. ಅವರಿಗೆ ದನಿಯಾದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಣ್ಣ ಗಾಯಕ, ತಮ್ಮ ಕಳ್ಳ. ಅಣ್ಣನ ಪಾತ್ರದ ಕುರಿತು ಬಂದಷ್ಟು ಬರಹ ತಮ್ಮನ ಸಜ್ಜಲನ ಕುರಿತು ಬಂದಿಲ್ಲ. ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡ ಆನಗೋಡು ಆಗ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು.

‘ಉತ್ಸವ್’ ಬಗ್ಗೆ ಮುಂದೆ ಬರೆಯುವವರು ಬನ್ನಂಜೆ ಗೋವಿಂದಾಚಾರ್ಯರ ‘ಆವೆಯ ಮಣ್ಣಿನ ಆಟದ ಬಂಡಿ’ಯ ಪಕ್ಕದಲ್ಲಿ ‘ಚಾರುದತ್ತ’ವನ್ನೂ ಇಟ್ಟುಕೊಂಡು ಮೂರನೆಯ, ನಾಲ್ಕನೆಯ ಅಂಕಗಳನ್ನು ಸಾಲುಸಾಲಾಗಿ ಹೋಲಿಸಿ ಓದಬೇಕು, ಆಮೇಲೆ ಚಿತ್ರವನ್ನು ನೋಡಬೇಕು. ಅಲ್ಲಿಯವರೆಗೆ ಸಜ್ಜಲನನ್ನು ಉಪಕಥೆ ಎಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.