ಚೊಗರಿನ ಕೈ, ತುತ್ತದ ಕೈ

ತೀರ್ಥಹಳ್ಳಿಯಿಂದ ಕೊಪ್ಪದತ್ತ ಸಾಗುವ ಮಾರ್ಗವನ್ನು ಬಿಟ್ಟು ಕುಪ್ಪಳ್ಳಿಗೆ ಹೊರಳುವ ಯಾತ್ರಿಕರಲ್ಲಿ ಬಹುಮಂದಿ ಕವಿಮನೆಯನ್ನು ನೋಡಿ, ಕವಿಶೈಲವನ್ನೇರಿ, ಸಹ್ಯಾದ್ರಿಯ ಶ್ರೇಣಿಗಳನ್ನು ಕಣ್ತುಂಬಿಕೊಂಡು ಹಿಂದಿರುಗುವರು. ಆ ಉಪ್ಪರಿಗೆಯ ಹೆಮ್ಮನೆಗಳನ್ನು ತಲೆಮಾರುಗಳ ಕಾಲ ಪೋಷಿಸಿದ್ದು ಕಣಿವೆಯ ಗದ್ದೆಯೂ ಅದರಂಚಿನ ಅಡಿಕೆತೋಟವೂ ಎಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲವಾದರೂ, ಆ ತೋಟ ತನ್ನಲ್ಲಿ ದುಡಿದವರ ಬೆರಳುಗಳ ಮೇಲೆ ಏನನ್ನು ಲಿಖಿಸಿತೆಂಬುದನ್ನು ವಿಚಾರಿಸುವವರು ವಿರಳ. ಲೆಕ್ಕಪತ್ರಗಳೂ ಈ ವಿಷಯದಲ್ಲಿ ಮೌನವಾಗಿವೆ. 1645ರಿಂದ 1660ರವರೆಗೆ ಕೆಳದಿ ಸಂಸ್ಥಾನವನ್ನಾಳಿದ ಶಿವಪ್ಪನಾಯಕನ ‘ಶಿಸ್ತು’ ಪದ್ಧತಿ ತೋಟದ ಕಂದಾಯವನ್ನು ಮರಗಳ ಲೆಕ್ಕದಲ್ಲಿ ನಿಗದಿ ಮಾಡಿತು. 1801ರಲ್ಲಿ ಇಕ್ಕೇರಿ, ನಗರಗಳ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಡಿಕೆತೋಟದ ವ್ಯವಸಾಯಕ್ರಮವನ್ನು ಸವಿಸ್ತಾರವಾಗಿ ಬರೆದಿಟ್ಟನು. 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪಿತವಾದ, ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮಾಮ್‌ಕೋಸ್ ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ತರಗತಿಗಳಿಗೆ ಧಾರಣೆ ಕಟ್ಟುತ್ತ ಬಂದಿದೆ. ಮರಕ್ಕೂ ಕಾಯಿಗೂ ಬೆಲೆಗೂ ಲೆಕ್ಕವುಂಟು, ಕೈಗೆ ಲೆಕ್ಕವಿಲ್ಲ.

ಈ ಸೀಮೆಯ ಕೈಗೆ ಎರಡು ಬಣ್ಣಗಳು ಅಂಟಿವೆ. ಒಂದು ಪುರಾತನವಾದ ಚೊಗರಿನ, ಎಂದರೆ ಅಡಿಕೆಯ ಒಗರುರಸದ, ಕಪ್ಪು. ಇನ್ನೊಂದು ನೂರು ಚಿಲ್ಲರೆ ವರ್ಷಗಳ ಹಿಂದೆ ಬಂದ ಮೈಲುತುತ್ತದ ನೀಲಿ.

ದೀಪಾವಳಿಯ ಆಸುಪಾಸಿನಲ್ಲಿ ಕೊನೆಕೊಯ್ಲು ಆರಂಭವಾಯಿತೆಂದರೆ ಮನೆಯ ಜಗಲಿಯೋ ಅಂಗಳದ ಚಪ್ಪರವೋ ಸುಲಿಯುವವರಿಂದ ತುಂಬಿಹೋಗುತ್ತದೆ. ಮಣೆಗೆ ಕಚ್ಚಿಸಿದ ಮೆಟ್ಟುಗತ್ತಿಯನ್ನು ಕಾಲಿನಿಂದ ಅದುಮಿ ಕುಳಿತು, ಎಳೆಯ ಹಸುರು ಕಾಯನ್ನು ಅದರ ಅಲಗಿಗೊತ್ತಿ ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುವ ಈ ಕೆಲಸವನ್ನು, ಹೆಚ್ಚಾಗಿ ಹೆಂಗಸರು, ರಾತ್ರಿ ಬಹಳ ಹೊತ್ತಿನವರೆಗೆ ಮಾಡುತ್ತಿದ್ದರು. ಎಳೆಯ ಅಡಿಕೆಯಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ವಿಪುಲವಾಗಿರುವುದು. ಕಾಯಿ ಬಲಿತಷ್ಟೂ ಅದು ಕ್ಷೀಣಿಸುವುದು. ಈ ಒಗರು ಕಬ್ಬಿಣದ ಸಂಪರ್ಕಕ್ಕೆ ಬಂದೊಡನೆ ಗಾಢವಾದ ಕಪ್ಪು ಸಂಯುಕ್ತವಾಗಿ ಪರಿಣಮಿಸುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ನಮ್ಮ ಪೂರ್ವಿಕರು ಮಸಿ ಮಾಡಿಕೊಳ್ಳುತ್ತಿದ್ದುದು ಇದೇ ಕ್ರಿಯೆಯಿಂದ. ಆದುದರಿಂದ ಸುಲಿಯುವವಳ ಹೆಬ್ಬೆರಳಿಗೂ ತೋರುಬೆರಳಿಗೂ ಹತ್ತುತ್ತಿದ್ದ ಕಪ್ಪು ಕೇವಲ ಕಾಯಿಯ ಕಲೆಯಲ್ಲ. ಕಾಯಿಯೂ ಕತ್ತಿಯೂ ಕೂಡಿ ಆಕೆಯ ಚರ್ಮದ ಮೇಲೆ ತಯಾರಿಸಿದ ಅಪ್ಪಟ ಶಾಯಿ. ಅದು ನೀರಿಗೆ ಹೋಗುವುದಲ್ಲ, ಸಾಬೂನಿಗೂ ಜಗ್ಗುವುದಲ್ಲ.

ಬಣ್ಣವಷ್ಟೇ ಆಗಿದ್ದರೆ ದೂರಲು ಕಾರಣವಿರಲಿಲ್ಲ. ಹಸಿಯ ತೊಗಲನ್ನು ಹದಗೊಳಿಸಿ ಚರ್ಮವಾಗಿಸುವ ಶಕ್ತಿಯೂ ಟ್ಯಾನಿನ್ನಿನದೇ ಎಂಬುದನ್ನು ಸ್ಮರಿಸಿದರೆ, ವಾರಗಟ್ಟಲೆ ಆ ರಸದಲ್ಲಿ ನೆನೆದ ಜೀವಂತ ತ್ವಚೆಯ ಗತಿಯೇನೆಂಬುದು ತಾನಾಗಿ ಸ್ಫುಟವಾಗುತ್ತದೆ: ಬೆರಳ ತುದಿ ಬಿರುಸಾಗುವುದು, ಗೆಣ್ಣುಗಳ ಮೇಲೆ ಸಣ್ಣ ಬಿರುಕುಗಳು ಬಾಯ್ದೆರೆಯುವುವು, ಕತ್ತಿಯ ಗೀರಿಗೆ ಒಗರು ತಾಗಿ ಉರಿಯುವುದು. ಇದಕ್ಕೆ ಮಲೆನಾಡು ಸುಮ್ಮನೆ ಕುಳಿತಿರಲಿಲ್ಲ. ಕೆಲಸಕ್ಕೆ ಮುನ್ನ ಅಂಗೈಗೆ ಕೊಬ್ಬರಿ ಎಣ್ಣೆ, ಬೆರಳಿಗೊಂದು ಬಟ್ಟೆಯ ಸುತ್ತು, ಕೆಲಸ ಮುಗಿದ ಮೇಲೆ ನಿಂಬೆಯದೋ ಹುಣಿಸೆಯದೋ ಹುಳಿ, ಮಲಗುವಾಗ ಒಡೆದ ಕಡೆಗೆ ಮುರುಗಲ ತುಪ್ಪ. ಹುಳಿ ಆ ಕಪ್ಪು ಸಂಯುಕ್ತವನ್ನು ಸಡಿಲಿಸುವುದು, ಮುರುಗಲ ತುಪ್ಪ ಬಿರಿದ ಚರ್ಮವನ್ನು ಮೃದುಗೊಳಿಸುವುದು ಎಂಬುದನ್ನು ಯಾವ ರಸಾಯನಶಾಸ್ತ್ರಜ್ಞನೂ ಬಂದು ಹೇಳಬೇಕಾಗಿರಲಿಲ್ಲ. ತಲೆಮಾರುಗಳ ಸಹವಾಸದಿಂದ ಕೈ ತನ್ನ ವೈರಿಯನ್ನು ಅರಿತುಕೊಂಡಿತ್ತು.

ಸುಲಿದ ಅಡಿಕೆ ಹಂಡೆಗೆ ಬೀಳುತ್ತದೆ. ಒಂದರ ಹಿಂದೊಂದು ಬಾರಿ ಬೇಯಿಸಿದ ನೀರು ಕ್ರಮೇಣ ಗಟ್ಟಿಯಾಗಿ, ಕೆಂಪುಗಪ್ಪಿನ ಚೊಗರಾಗುತ್ತದೆ; ಅಡಿಕೆಗೆ ಹೊಳಪನ್ನೂ ಕೆಂಬಣ್ಣವನ್ನೂ ಕೊಟ್ಟು ಪೇಟೆಯಲ್ಲಿ ಧಾರಣೆಯನ್ನು ನಿರ್ಣಯಿಸುವುದು ಈ ಚೊಗರೇ ಆದಕಾರಣ, ಅದನ್ನು ಮುಂದಿನ ವರ್ಷಕ್ಕೆಂದು ಕಾಪಿಡುವವರೂ ಉಂಟು.

ನೀಲಿಯ ಕಥೆ ಬೇರೆ. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ ಅಡಿಕೆಯ ಮರಕ್ಕೆ ಜೀವವೂ ಹೌದು, ಕೊಳೆರೋಗದ ರೂಪದಲ್ಲಿ ಮೃತ್ಯುವೂ ಹೌದು. ಎಳೆಗಾಯಿಗಳು ಕೊಳೆತು ಉದುರುವ ಈ ಪಿಡುಗಿಗೆ ಹಿಂದಿನವರು ಕಂಡುಕೊಂಡಿದ್ದ ಪ್ರತೀಕಾರವೆಂದರೆ, ಮಳೆ ಹಿಡಿಯುವ ಮುನ್ನ ಪ್ರತಿಯೊಂದು ಕೊನೆಗೂ ಕರಡದ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುವುದು. ಶ್ರಮ ಅಪಾರವಾಗಿತ್ತು, ಆದರೆ ಕೈಗೆ ಹುಲ್ಲಿನ ಗೀರಲ್ಲದೆ ಬೇರೆ ಬಾಧೆಯಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ, ಕೆನಡಾ ದೇಶದ ಶಿಲೀಂಧ್ರತಜ್ಞ ಲೆಸ್ಲಿ ಕೋಲ್ಮನ್ ಈ ರೋಗದ ಮೂಲವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದನಲ್ಲದೆ, ಅದರ ನಿವಾರಣೆಗೆ ತುತ್ತ-ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನೂ ರೂಢಿಗೆ ತಂದನು. ಫ್ರಾನ್ಸಿನ ಮೆದೊಕ್ ಪ್ರಾಂತದಲ್ಲಿ, ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಂಚಿನ ಬಳ್ಳಿಗಳಿಗೆ ಎರಚಿದ್ದ ತುತ್ತ-ಸುಣ್ಣಗಳೇ ಆ ಬಳ್ಳಿಗಳನ್ನು ರೋಗದಿಂದ ಕಾಪಾಡಿದ್ದನ್ನು 1882ರಲ್ಲಿ ಕಂಡು, 1885ರಲ್ಲಿ ಅದನ್ನು ಔಷಧವೆಂದು ಲೋಕಕ್ಕೆ ಸಾರಿದವನು ಮಿಯಾರ್ದೆ ಎಂಬ ವಿಜ್ಞಾನಿ. ಕಳ್ಳರನ್ನು ಬೆದರಿಸಲು ಹುಟ್ಟಿದ ಬಣ್ಣ ಹೀಗೆ ಸಮುದ್ರಗಳನ್ನು ದಾಟಿ ಮಲೆನಾಡಿನ ತೋಟದ ಸಂಜೀವಿನಿಯಾಯಿತು. ಕೋಲ್ಮನ್ನನಿಗೆ ಅಡಿಕೆಯ ಬೆಳೆಗಾರರು ಋಣಿಗಳೆಂಬುದರಲ್ಲಿ ನನಗೆ ಲವಲೇಶವೂ ಸಂಶಯವಿಲ್ಲ.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಂದಿಗೂ ಪ್ರಮಾಣ ಇದೇ. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಕೂಡದು. ಬೆರೆಸಿದ ದ್ರಾವಣ ಹದವಾಗಿದೆಯೇ ಎಂಬುದನ್ನು ತಿಳಿಯಲು ಹೊಳಪಿನ ಕತ್ತಿಯೊಂದನ್ನು ಅದರಲ್ಲಿ ಕೆಲವು ನಿಮಿಷ ಅದ್ದಿಡುವರು; ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ತುತ್ತ ಇನ್ನೂ ಕೆರಳಿದೆ, ಸುಣ್ಣ ಸಾಲದು ಎಂದರ್ಥ; ಹಾಗೆಯೇ ಸಿಂಪಡಿಸಿದರೆ ಎಳೆಗಾಯಿ ಸುಟ್ಟೀತು. ಎಷ್ಟು ಸರಳ, ಎಷ್ಟು ಸುಂದರ ಪರೀಕ್ಷೆ! ಆದರೆ ಕತ್ತಿ ಕಾಯುವುದು ಕಾಯಿಯನ್ನು, ಕೈಯನ್ನಲ್ಲ. ಬರಿಗೈಯಲ್ಲಿ ಹರಳು ಪುಡಿಮಾಡುವವನ, ಕುದಿಯುವ ಸುಣ್ಣವನ್ನು ಅರಳಿಸುವವನ, ತಳೆ ಹಾಕಿ ಮರವೇರಿ ತೊಟ್ಟಿಕ್ಕುವ ಕೊಳವೆಯನ್ನು ಹಿಡಿದು ಮರದಿಂದ ಮರಕ್ಕೆ ಸಾಗುವ ಕೊನೆಗಾರನ, ಕೆಳಗೆ ನಿಂತು ಗಟಾರು ಪಂಪು ಜಗ್ಗುವವನ ಚರ್ಮಕ್ಕೆ ಅಂಥದೊಂದು ಪರೀಕ್ಷೆಯನ್ನು ಯಾರೂ ರಚಿಸಲಿಲ್ಲ. ಹದವಾಗಿ ಬೆರೆತ ದ್ರಾವಣ ಅಷ್ಟೊಂದು ಉಗ್ರವಲ್ಲ. ಉಗ್ರವಾಗಿರುವುದು ಬೆರೆಯುವ ಮುಂಚಿನ ಬಿಡಿ ದ್ರವ್ಯಗಳು. ತುತ್ತ ತ್ವಚೆಯನ್ನು ಕೆರಳಿಸಿ ತುರಿಸುತ್ತದೆ, ಗಾಯದ ಮೇಲೆ ಬಿದ್ದರೆ ಸುಡುತ್ತದೆ. ಸುಣ್ಣ ಕ್ಷಾರವಾಗಿ ಚರ್ಮದ ಜಿಡ್ಡನ್ನೆಲ್ಲ ಹೀರಿ ಸೀಳುತ್ತದೆ. ಉಗುರಿನ ಸಂದುಗಳಲ್ಲಿ ಹಸುರುನೀಲಿ ಉಳಿದುಬಿಡುತ್ತದೆ. ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ಇದೇ ದ್ರಾವಣ ಸಿಂಪಡಿಸುತ್ತಿದ್ದವರ ಶ್ವಾಸಕೋಶ ಕೆಟ್ಟದ್ದನ್ನು ವೈದ್ಯರು ವರ್ಣಿಸಿದ್ದು 1969ರಲ್ಲಿ, ಎಂದರೆ ಔಷಧ ಹುಟ್ಟಿ ಎಂಬತ್ತು ವರ್ಷಗಳು ಕಳೆದ ಮೇಲೆ. ಕೈಯ ಮಾತಂತೂ ಇನ್ನೂ ಹಿಂದೆ ಉಳಿಯಿತು. ಚೊಗರಿಗೆ ಮುರುಗಲ ತುಪ್ಪವನ್ನು ಕಂಡುಕೊಂಡಿದ್ದ ನಾಡು ತುತ್ತಕ್ಕೆ ಅಂಥದೇನನ್ನೂ ಕಂಡುಕೊಳ್ಳಲಿಲ್ಲ. ಪುಸ್ತಿಕೆಯ ಮೂಲಕ ಬಂದ ವಿದ್ಯೆಗೆ ಅಜ್ಜಿಯ ಮದ್ದಿರುವುದಿಲ್ಲವಷ್ಟೆ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಅವಶ್ಯ: ಪ್ರತಿಯೊಂದು ಬಾಧೆಯನ್ನೂ ಔಷಧದ ತಲೆಗೆ ಕಟ್ಟಲಾಗದು. 1970ರ ದಶಕದ ಮಧ್ಯಭಾಗದಲ್ಲಿ ಸಾಗರದ ಸಮೀಪದ ಹಂದಿಗೋಡಿನಲ್ಲಿ ಕೀಲುಗಳನ್ನು ಹಿಂಡುವ ವ್ಯಾಧಿಯೊಂದು ಗೋಚರಿಸಿದಾಗ, ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬೇಕೆಂದು ಮೊದಮೊದಲು ಶಂಕಿಸಲಾಯಿತು. ಮುಂದಿನ ಸಂಶೋಧನೆ ಅದನ್ನು ವಂಶಪಾರಂಪರ್ಯದ ಅಸ್ಥಿವಿಕಾರವೆಂದು ನಿರ್ಣಯಿಸಿತು. ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ವಿಚಾರದಲ್ಲಾದರೋ, ಜನರ ಕೂಗು ಅಧಿಕಾರಿಗಳ ಕಿವಿಗೆ ಮುಟ್ಟಲು ವರ್ಷಗಳೇ ಹಿಡಿದವು. ಭೀತಿಯೂ ಉಪೇಕ್ಷೆಯೂ ಒಂದೇ ನಾಡಿನಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಅಡಿಕೆತೋಟದ ಕೈ ಸೇರಿದ್ದು ಉಪೇಕ್ಷೆಯ ಪಾಲಿಗೆ. ಅದು ಸಾಯುವಷ್ಟು ಕೆಡಲಿಲ್ಲ, ಸುದ್ದಿಯಾಗುವಷ್ಟು ವಿಕಾರವಾಗಲಿಲ್ಲ, ದೀಪಾವಳಿಗೆ ಕಪ್ಪಾಗಿ ಮಾಘದ ಹೊತ್ತಿಗೆ ಸಿಪ್ಪೆಯೆದ್ದು ಮತ್ತೆ ತಿಳಿಯಾಗುತ್ತಿತ್ತು.

ಈಚೆಗೆ ಸುಲಿಯುವ ಯಂತ್ರಗಳು ಜಗಲಿಯನ್ನೇರಿ ಮೆಟ್ಟುಗತ್ತಿಗಳನ್ನು ಮೂಲೆಗೊತ್ತಿವೆ. ಅಂಗಡಿಗಳಲ್ಲಿ ರಬ್ಬರಿನ ಕೈಗವಸು ಸಿಕ್ಕುತ್ತದೆ, ಮಳೆಯಲ್ಲಿ ಅದರೊಳಗೆ ಬೆವರಿ ಬೆರಳುಗಳು ನೆನೆಯುತ್ತವೆಂದು ಕಳಚಿಡುವವರೇ ಹೆಚ್ಚು. ಮರವೇರುವ ಕೊನೆಗಾರರು ಕಡಮೆಯಾದ ಮೇಲೆ ಬಂದ ಕಾರ್ಬನ್ ಫೈಬರಿನ ದೋಟಿಯಿಂದ ನೆಲದಲ್ಲೇ ನಿಂತು ಔಷಧಿ ಹೊಡೆಯುವವನಿಗೆ ಬೀಳುವ ಭಯ ತಪ್ಪಿದೆ, ಆದರೆ ಮೇಲಿನಿಂದಿಳಿಯುವ ತುಂತುರು ಈಗ ಕೈಯನ್ನಷ್ಟೇ ಅಲ್ಲ, ಮುಖವನ್ನೂ ತೋಯಿಸುತ್ತದೆ. ಚೊಗರಿಗೆ ಮಾತ್ರ ಅನಿರೀಕ್ಷಿತವಾದ ಗೌರವವೊಂದು ಒದಗಿದೆ: ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಂಗಸರು ಅದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ, ಆ ಬಟ್ಟೆಗೆ ಪಟ್ಟಣಗಳಲ್ಲಿ ಒಳ್ಳೆಯ ಬೇಡಿಕೆಯಿದೆ.