ಹಿಕರಿ ಕಾವಿನ ಕಾಲ

ಇಂಗ್ಲೆಂಡಿನ ಹಲ್ ಪಟ್ಟಣದ ಹಳೆಯ ಮನೆಯೊಂದರಲ್ಲಿ ಮುಚ್ಚಿಹೋಗಿದ್ದ ಗೋಡೆ ಕಪಾಟನ್ನು 1898ರಲ್ಲಿ ತೆರೆದಾಗ ಒಳಗೆ ಎಂಟು ಗಾಲ್ಫ್ ಕೋಲುಗಳು ಸಿಕ್ಕವು. ಆರಕ್ಕೆ ಮರದ ತಲೆ, ಎರಡಕ್ಕೆ ಕಬ್ಬಿಣದ್ದು. ಜೊತೆಗೆ ಒಂದು ವೃತ್ತಪತ್ರಿಕೆ. ಅದರ ಮೇಲಿದ್ದ ವರ್ಷ 1741. ಮುಂದೆ ಸ್ಕಾಟ್‌ಲೆಂಡಿನ ಟ್ರೂನ್ ಗಾಲ್ಫ್ ಸಂಸ್ಥೆಯ ಕೈಸೇರಿ, ಅಲ್ಲಿಂದ ಸೇಂಟ್ ಆಂಡ್ರೂಸಿನ ವಸ್ತುಸಂಗ್ರಹಾಲಯಕ್ಕೆ ಹೋದ ಈ ಕೋಲುಗಳನ್ನು, ಉಳಿದು ಬಂದಿರುವ ಅತ್ಯಂತ ಹಳೆಯ ಗಾಲ್ಫ್ ಕೋಲುಗಳಲ್ಲಿ ಎಣಿಸಲಾಗುತ್ತದೆ. ಅವನ್ನು ಮಾಡಿದವರು ಯಾರೆಂಬುದು ಮಾತ್ರ ಇಂದಿಗೂ ಖಚಿತವಾಗಿಲ್ಲ.

ಇಂಥ ಅದೃಷ್ಟ ಅಪರೂಪ. ಹಳೆಯ ಗಾಲ್ಫ್ ಕೋಲುಗಳನ್ನು ಹುಡುಕಿ ಕೂಡಿಡುವ ಸಾವಿರಾರು ಜನ ಇಂದು ಬ್ರಿಟನ್ ಮತ್ತು ಅಮೆರಿಕಗಳಲ್ಲಿದ್ದಾರೆ. ಅವರ ಕೈಗೆ ಬರುವ ಕೋಲಿನ ಜೊತೆ ವೃತ್ತಪತ್ರಿಕೆ ಬರುವುದಿಲ್ಲ. ತುಕ್ಕು ಹಿಡಿದ ಕಬ್ಬಿಣದ ತುಂಡು, ಕಪ್ಪಾದ ಮರದ ಕಾವು, ಬಿಚ್ಚಿಕೊಂಡ ಚರ್ಮದ ಹಿಡಿ ಇಷ್ಟೇ ಬರುತ್ತವೆ. ವಯಸ್ಸು, ಊರು, ಮಾಡಿದವನ ಹೆಸರು ಎಲ್ಲವನ್ನೂ ಕೋಲಿನಿಂದಲೇ ಓದಿಕೊಳ್ಳಬೇಕು.

ಗಾಲ್ಫಿನಲ್ಲಿ ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಎನ್ನುತ್ತಾರೆ, ಆಡುವವರ ಕೂಟಕ್ಕೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಕೋಲು ಎಂದೇ ಕರೆಯಬಹುದು. ಇಂದಿನ ಕೋಲಿಗೆ ಉಕ್ಕಿನ ಇಲ್ಲವೇ ಕಾರ್ಬನ್ ನಾರಿನ ಕೊಳವೆಯ ಕಾವು ಇರುತ್ತದೆ. ಸುಮಾರು ನೂರು ವರ್ಷಗಳ ಹಿಂದಿನವರೆಗೆ ಅದು ಮರದ್ದಾಗಿತ್ತು. 19ನೇ ಶತಮಾನದ ಬಹುಭಾಗ ಮತ್ತು 20ನೆಯದರ ಮೊದಲ ಮೂರು ದಶಕಗಳಲ್ಲಿ ಆ ಮರವೆಂದರೆ ಹಿಕರಿ.

ಹಿಕರಿ ಹುಟ್ಟಾ ಸ್ಕಾಟ್‌ಲೆಂಡಿನದಲ್ಲ. ಆಟ ಅಲ್ಲಿಯದು, ಮರ ಅಮೆರಿಕದ್ದು. ಬಿಲ್ಲುಗಾರಿಕೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು 1457ರಲ್ಲಿ ಸ್ಕಾಟ್‌ಲೆಂಡಿನ ಪಾರ್ಲಿಮೆಂಟು ಫುಟ್‌ಬಾಲನ್ನೂ ಗಾಲ್ಫನ್ನೂ ನಿಷೇಧಿಸಿತ್ತು. ಅದೇ ನಾಡಿನ ದೊರೆ ನಾಲ್ಕನೆಯ ಜೇಮ್ಸ್ 1502ರಲ್ಲಿ ಪರ್ತ್ ಪಟ್ಟಣದ ಬಿಲ್ಲು ಮಾಡುವವನಿಂದಲೇ ಗಾಲ್ಫ್ ಕೋಲುಗಳನ್ನು ಕೊಂಡದ್ದು ಅರಮನೆಯ ಲೆಕ್ಕದಲ್ಲಿ ದಾಖಲಾಗಿದೆ. ಬಾಗಿಯೂ ಮುರಿಯದ ಮರ ಯಾವುದೆಂಬುದು ಬಿಲ್ಲಿನವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆಗ ಕಾವಿಗೆ ಆಶ್, ಹೇಜಲ್‌ನಂಥ ಸ್ಥಳೀಯ ಮರಗಳೇ ಗತಿ. 19ನೇ ಶತಮಾನದಲ್ಲಿ ಅಟ್ಲಾಂಟಿಕ್ ದಾಟಿ ಬರುತ್ತಿದ್ದ ಹಡಗುಗಳು ಹಿಕರಿಯನ್ನು ತಂದ ಮೇಲೆ ಅವೆಲ್ಲ ಹಿಂದೆ ಸರಿದವು.

ಅಕ್ರೋಟದ ಕುಲಕ್ಕೆ ಸೇರಿದ ಈ ಮರವನ್ನು ಅಮೆರಿಕದ ರೈತರು ಕೊಡಲಿ ಕಾವಿಗೆ, ಗಾಡಿ ಚಕ್ರದ ಅರಗಳಿಗೆ ಬಳಸುತ್ತಿದ್ದರು. ಗಟ್ಟಿ, ಭಾರ, ಉದ್ದನೆಯ ನಾರು, ಪೆಟ್ಟು ತಡೆಯುವ ಗುಣ. ಕೊಡಲಿ ಬೀಸುವವನಿಗೆ ಬೇಕಾದ ಗುಣಗಳೇ ಗಾಲ್ಫ್ ಕೋಲು ಬೀಸುವವನಿಗೂ ಬೇಕು. ಚೌಕನೆಯ ಸೀಳುಗಳಾಗಿ ಬಂದ ಮರವನ್ನು ಚೆನ್ನಾಗಿ ಒಣಗಿಸಿ, ತೋಪಡ ಹಿಡಿದು, ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆ ಕುಡಿಸಿ ಕಾವು ಮಾಡುತ್ತಿದ್ದರು. ನಡುನಡುವೆ ಕುಶಲಕರ್ಮಿ ಅದನ್ನು ನೆಲಕ್ಕೊತ್ತಿ, ಗಾಳಿಯಲ್ಲಿ ಬೀಸಿ ಬಳುಕು ನೋಡುತ್ತಿದ್ದ. ಒಂದು ಹಿಕರಿ ಕಾವು ಇನ್ನೊಂದರಂತಿರುವುದಿಲ್ಲ. ಆದ್ದರಿಂದ ಆ ಕಾಲದ ಆಟಗಾರ ಅಂಗಡಿಯಿಂದ ಒಂದೇ ಸಲಕ್ಕೆ ಪೂರ್ತಿ ಜೊತೆ ಕೊಳ್ಳುವ ಬದಲು ಕೈಗೆ ಒಗ್ಗಿದ ಕೋಲುಗಳನ್ನು ಒಂದೊಂದಾಗಿ ವರ್ಷಗಟ್ಟಲೆ ಕೂಡಿಸುತ್ತಿದ್ದ.

ಈ ಕಸುಬಿನ ಮೇರು ಹೆಸರು ಸೇಂಟ್ ಆಂಡ್ರೂಸಿನ ಹ್ಯೂ ಫಿಲ್ಪ್. 1856ರಲ್ಲಿ ತೀರಿಕೊಂಡ ಈತನ ಕೋಲುಗಳನ್ನು ಪಿಟೀಲು ಪ್ರಪಂಚದ ಸ್ಟ್ರಾಡಿವೇರಿಯಸ್‌ಗೆ ಹೋಲಿಸುವ ವಾಡಿಕೆಯಿದೆ. ನೀಳ ಮೂಗಿನಂತೆ ಚಾಚಿಕೊಂಡ ಮರದ ತಲೆ, ಹಿಂಬದಿಗೆ ಎರಕ ಹೊಯ್ದ ಸೀಸ, ಅಡಿಯಲ್ಲಿ ಕೊಂಬಿನ ಪಟ್ಟಿ. ಫಿಲ್ಪ್‌ನ ಬಳಿಕ ಕಾರ್ಖಾನೆ ನಡೆಸಿದ ರಾಬರ್ಟ್ ಫೋರ್ಗನ್ 1863ರಲ್ಲಿ ವೇಲ್ಸ್ ರಾಜಕುಮಾರನ ಅಧಿಕೃತ ಕೋಲು ತಯಾರಕನಾದ. ಅಂದಿನಿಂದ ತನ್ನ ಕೋಲುಗಳ ಮೇಲೆ ರಾಜಕುಮಾರನ ಗರಿಗಳ ಚಿಹ್ನೆ ಒತ್ತತೊಡಗಿದ. 1901ರಲ್ಲಿ ರಾಜಕುಮಾರ ಏಳನೆಯ ಎಡ್ವರ್ಡ್ ದೊರೆಯಾದಾಗ ಗರಿಯ ಜಾಗಕ್ಕೆ ಕಿರೀಟ ಬಂತು. ಫೋರ್ಗನ್ ಕೋಲಿನ ಮೇಲೆ ಗರಿಯೋ ಕಿರೀಟವೋ ಎಂದು ನೋಡಿದರೆ ಸಾಕು, ಶತಮಾನ ತಿಳಿಯುತ್ತದೆ.

ಎಲ್ಲ ಕೋಲುಗಳೂ ಇಷ್ಟು ಉಪಕಾರಿಗಳಲ್ಲ. ಅವನ್ನು ಅರಿಯಲು ಚೆಂಡಿನ ಚರಿತ್ರೆ ಗೊತ್ತಿರಬೇಕು. ಮೊದಲಿದ್ದದ್ದು ಚರ್ಮದ ಚೀಲದೊಳಗೆ ಗರಿ ತುರುಕಿ ಹೊಲಿದ ಚೆಂಡು. ದುಬಾರಿ, ಕಬ್ಬಿಣ ತಗುಲಿದರೆ ಹರಿಯುವಂಥದು. ಹಾಗಾಗಿ ಹೆಚ್ಚಿನ ಕೋಲುಗಳಿಗೆ ಮರದ ತಲೆಯೇ ಇರುತ್ತಿತ್ತು. 1848ರ ಸುಮಾರಿಗೆ ಮಲಯದ ಮರಗಳ ಹಾಲಿನಿಂದ ಮಾಡಿದ ಗಟ್ಟಾಪರ್ಚಾ ಚೆಂಡು ಬಂತು. ಅಗ್ಗ ಮತ್ತು ಕಲ್ಲಿನಂತೆ ಗಟ್ಟಿ. ಈಗ ಕಬ್ಬಿಣದ ತಲೆಗಳಿಗೆ ಹೆದರಬೇಕಿರಲಿಲ್ಲ. ನೀಳ ಮೂಗಿನ ಮರದ ತಲೆಗಳೇ ಸೀಳತೊಡಗಿದವು. ತಲೆ ಮೋಟಾಯಿತು, ದಪ್ಪವಾಯಿತು. ಅಮೆರಿಕದ ಹ್ಯಾಸ್ಕೆಲ್ ರೂಪಿಸಿದ, ಒಳಗೆ ರಬ್ಬರ್ ಎಳೆ ಸುತ್ತಿದ ಚೆಂಡಿನಲ್ಲಿ ಆಡಿ ಸ್ಯಾಂಡಿ ಹರ್ಡ್ 1902ರ ಬ್ರಿಟಿಷ್ ಓಪನ್ ಗೆದ್ದ ಮೇಲೆ ಗಟ್ಟಾಪರ್ಚಾದ ಕಾಲ ಮುಗಿಯಿತು.

ಮರದ ತಲೆಯ ಕೋಲಿನಲ್ಲಿ ನೋಡಬೇಕಾದ್ದು ತಲೆ ಮತ್ತು ಕಾವು ಸೇರುವ ಜಾಗ. ಎರಡನ್ನೂ ಓರೆಯಾಗಿ ಕೊಯ್ದು, ಅಂಟಿಸಿ, ಮೇಲೆ ಟಾರು ಬಳಿದ ದಾರ ಸುತ್ತಿದ್ದರೆ ಅದು ಸಾಮಾನ್ಯವಾಗಿ ಹಳೆಯ ಪದ್ಧತಿ. ತಲೆಯಲ್ಲಿ ತೂತು ಕೊರೆದು ಕಾವು ತೂರಿಸುವುದು 1890ರ ದಶಕದ ಬಳಿಕ ಹಬ್ಬಿದ್ದು. ಕಬ್ಬಿಣದ ತಲೆಯ ಮುಖ ನುಣುಪಾಗಿದ್ದರೆ ಅದೂ ಹೆಚ್ಚಾಗಿ 19ನೇ ಶತಮಾನದ ಸೂಚನೆ. ಚುಕ್ಕಿ, ಗೀರುಗಳು ಬಂದದ್ದು ನಂತರ.

ಎಡವುವ ಜಾಗ ಬೇರೆಯೇ ಇದೆ. ಕಬ್ಬಿಣದ ತಲೆಯ ಹಿಂಬದಿಯಲ್ಲಿ ಹೆಸರೊಂದು ಕಂಡ ಕೂಡಲೇ ಅದನ್ನು ಮಾಡಿದವನ ಹೆಸರೆಂದು ಹೊಸಬರು ತಿಳಿಯುತ್ತಾರೆ. ತಲೆ ಬಡಿದ ಕಮ್ಮಾರ ಒಬ್ಬ. ಅದನ್ನು ಕೊಂಡು ಕಾವು ಕೂಡಿಸಿ ತನ್ನ ಹೆಸರೊತ್ತಿ ಮಾರಿದ ಗಾಲ್ಫ್ ಶಿಕ್ಷಕನೋ ಅಂಗಡಿಯವನೋ ಇನ್ನೊಬ್ಬ. ನಾಲ್ಕು ಸಲ ಬ್ರಿಟಿಷ್ ಓಪನ್ ಗೆದ್ದ ಹಿರಿಯ ಟಾಮ್ ಮಾರಿಸ್‌ನ ಹೆಸರಿದ್ದರೂ ಕಬ್ಬಿಣ ಬಡಿದದ್ದು ಅವನಲ್ಲ, ಅವನ ಅಂಗಡಿಗೆ ಮಾಲು ಕೊಟ್ಟ ಕುಲುಮೆ. ಕಮ್ಮಾರನನ್ನು ತೋರಿಸಿಕೊಡುವುದು ಹೆಸರಲ್ಲ, ಅದರ ಬಳಿ ಒತ್ತಿರುವ ಚಿಕ್ಕ ಚಿತ್ರ. ಸೇಂಟ್ ಆಂಡ್ರೂಸಿನ ಟಾಮ್ ಸ್ಟೀವರ್ಟ್‌ನದು ಹೊಗೆಸೊಪ್ಪಿನ ಪೈಪು, ಲೆವೆನ್ ಊರಿನ ಜಾರ್ಜ್ ನಿಕಲ್‌ನದು ಹಸ್ತ, ಕಿಂಗ್‌ಹಾರ್ನ್‌ನ ವಿಲಿಯಂ ಗಿಬ್ಸನ್‌ನದು ನಕ್ಷತ್ರ. ಉಗುರಿನಷ್ಟು ಚಿಕ್ಕದಾದ ಈ ಗುರುತುಗಳೇ ಸಂಗ್ರಾಹಕರ ಪಾಲಿನ ಶಾಸನಗಳು. ತುಕ್ಕು ತೆಗೆಯುವ ಉತ್ಸಾಹದಲ್ಲಿ ಸಾಣೆ ಯಂತ್ರಕ್ಕೆ ಹಿಡಿದು ಥಳಥಳಿಸುವಂತೆ ಮಾಡಿದವನು ಶಾಸನವನ್ನೇ ಅಳಿಸಿರುತ್ತಾನೆ. ಒರಟು ಬಟ್ಟೆ, ಸ್ವಲ್ಪ ಎಣ್ಣೆ, ಬಹಳ ತಾಳ್ಮೆ ಸಾಕು ಎನ್ನುತ್ತಾರೆ ಅನುಭವಿಗಳು.

ಇನ್ನೊಂದು ಮೋಸವೂ ಇದೆ. ಉಕ್ಕಿನ ಕಾವು ಬಂದ ಹೊಸತರಲ್ಲಿ ಅದರ ಬೆಳ್ಳಿ ಹೊಳಪು ಆಟಗಾರರ ಕಣ್ಣಿಗೆ ಹಿತವಾಗಲಿಲ್ಲ. ತಯಾರಕರು ಉಕ್ಕಿಗೆ ಮರದ ಬಣ್ಣದ ಲೇಪ ಕೊಟ್ಟರು. ದೂರದಿಂದ ಅದು ಹಿಕರಿಯೇ. ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಈ ಮೋಸ ತಪ್ಪುತ್ತದೆ.

ಬೆಲೆಯ ಮಾತು ಬಂದರೆ ಕಿವಿ ನಿಮಿರುವುದು ಸಹಜ. ಎಡಿನ್‌ಬರೋ ಬಳಿಯ ಲೀಥ್‌ನ ಆಂಡ್ರೂ ಡಿಕ್ಸನ್ ಮಾಡಿದ್ದೆನ್ನಲಾದ ನೀಳ ಮೂಗಿನ ಕೋಲೊಂದು 2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1,81,000 ಡಾಲರಿಗೆ ಹೋಯಿತು. ಆದರೆ ಅಟ್ಟದ ಮೇಲಿನ ಕೋಲುಗಳೆಲ್ಲ ಹೊನ್ನಲ್ಲ. 1920ರ ದಶಕದಲ್ಲಿ ಕಾರ್ಖಾನೆಗಳು ಹಿಕರಿ ಕೋಲುಗಳನ್ನು ಲಕ್ಷಗಟ್ಟಲೆ ಹೊರತಂದವು. ಇಂದು ಸಿಗುವ ಬಹುಪಾಲು ಅವೇ. ಹಾಗೆ ಅಗ್ಗವಾಗಿ ಸಿಗುವುದರಿಂದಲೇ ಅವುಗಳಲ್ಲಿ ಇಂದಿಗೂ ಆಡಲು ಸಾಧ್ಯವಾಗಿದೆ.

ಆ ಅಬ್ಬರವೇ ಹಿಕರಿಗೆ ಮುಳುವಾಯಿತು. ಅಮೆರಿಕದಲ್ಲಿ ಗಾಲ್ಫ್ ಹುಚ್ಚು ಏರಿದಂತೆ ನೇರ ಎಳೆಯ ಒಳ್ಳೆಯ ಮರ ಸಿಗುವುದು ಕಷ್ಟವಾಯಿತು. ಉಕ್ಕಿನ ಕಾವಿನ ಕಲ್ಪನೆ ಹೊಸದಲ್ಲ. ಸ್ಕಾಟ್‌ಲೆಂಡಿನ ಕಮ್ಮಾರ ಥಾಮಸ್ ಹಾರ್ಸ್‌ಬರೋ 1894ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅಮೆರಿಕದ ಗಾಲ್ಫ್ ಸಂಘ 1920ರ ದಶಕದ ನಡುವಿನಲ್ಲಿ ಒಪ್ಪಿದರೂ ಸೇಂಟ್ ಆಂಡ್ರೂಸಿನ ಹಿರಿಯರು 1929ರವರೆಗೆ ಬಗ್ಗಲಿಲ್ಲ. ಅದರ ಮರುವರ್ಷವೇ, 1930ರಲ್ಲಿ, ಬಾಬಿ ಜೋನ್ಸ್ ಹಿಕರಿ ಕೋಲುಗಳಲ್ಲೇ ಆಡಿ ಬ್ರಿಟನ್ ಮತ್ತು ಅಮೆರಿಕಗಳ ನಾಲ್ಕೂ ದೊಡ್ಡ ಪಂದ್ಯಾವಳಿಗಳನ್ನು ಗೆದ್ದ. ಹಳೆಯದಕ್ಕೆ ಇದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ಸಿಗದು. 1931ರ ಯು.ಎಸ್. ಓಪನ್ ಉಕ್ಕಿನ ಪಾಲಾಯಿತು. 1936ರಲ್ಲಿ ಅಮೆರಿಕದ ಅಮೆಚೂರ್ ಪ್ರಶಸ್ತಿ ಗೆದ್ದ ಜಾನಿ ಫಿಶರ್, ಹಿಕರಿ ಹಿಡಿದು ದೊಡ್ಡ ಪ್ರಶಸ್ತಿ ಪಡೆದ ಕೊನೆಯವನೆಂದು ಹೆಸರಾದ. ಉಕ್ಕಿನ ಜೊತೆ ಭಾಷೆಯೂ ಬದಲಾಯಿತು. ಕ್ಲೀಕ್, ಮ್ಯಾಶಿ, ನಿಬ್ಲಿಕ್, ಜಿಗ್ಗರ್, ಬ್ರಾಸಿ ಎಂದು ಮನೆಮಂದಿಯಂತೆ ಹೆಸರಿದ್ದ ಕೋಲುಗಳು ಬರೀ 3, 5, 9 ಎಂಬ ಅಂಕಿಗಳಾದವು.

ಹಿಕರಿಯಲ್ಲಿ ಆಡುವುದು ಬೇರೆಯೇ ವಿದ್ಯೆ. ಉಕ್ಕು ಬಾಗುತ್ತದೆ, ಹೆಚ್ಚು ತಿರುಚಿಕೊಳ್ಳುವುದಿಲ್ಲ. ಹಿಕರಿ ಬಾಗುವುದಲ್ಲದೆ ತಿರುಚಿಕೊಳ್ಳುತ್ತದೆ ಕೂಡ. ಜೋರಾಗಿ ಎಳೆದು ಬೀಸಿದರೆ ತಲೆ ಹಿಂದೆ ಉಳಿದು ಚೆಂಡು ಎಲ್ಲೋ ಹೋಗುತ್ತದೆ. ಕೋಲು ತನ್ನ ಹದಕ್ಕೆ ಬರುವವರೆಗೆ ಆಟಗಾರ ಕಾಯಬೇಕು. ಹಳೆಯ ಚಲನಚಿತ್ರಗಳಲ್ಲಿ ಕಾಣುವ ಜೋನ್ಸ್‌ನ ಉದ್ದನೆಯ, ಅವಸರವಿಲ್ಲದ ಬೀಸಿನ ಗುಟ್ಟಿನಲ್ಲಿ ಮರದ ಪಾಲೂ ಇದೆ. ಅವನ ಕಬ್ಬಿಣದ ಕೋಲುಗಳಲ್ಲಿ ಹಲವು ಪೈಪು ಗುರುತಿನ ಸ್ಟೀವರ್ಟ್ ಕುಲುಮೆಯವು.

ಹಿಕರಿ ಕೋಲುಗಳಿಗೇ ಮೀಸಲಾದ ಪಂದ್ಯಗಳು ಈಗ ನಡೆಯುತ್ತವೆ. 2005ರಲ್ಲಿ ಸ್ಕಾಟ್‌ಲೆಂಡಿನ ಮಸಲ್‌ಬರೋದಲ್ಲಿ ಮೊದಲ ವಿಶ್ವ ಹಿಕರಿ ಓಪನ್ ನಡೆಯಿತು. ಬ್ರಿಟಿಷ್ ಓಪನ್ ಮತ್ತು ಮಾಸ್ಟರ್ಸ್ ಎರಡನ್ನೂ ಗೆದ್ದಿದ್ದ ಸ್ಯಾಂಡಿ ಲೈಲ್ 2014ರಲ್ಲಿ ಇದನ್ನೂ ಗೆದ್ದರು. ಆದರೆ ಆಡುವವರಿಗೂ ಕೂಡಿಡುವವರಿಗೂ ನಡುವೆ ಒಂದು ತಕರಾರು ಇದ್ದೇ ಇದೆ. ನೂರು ವರ್ಷದ ಕಾವು ಒಂದು ತಪ್ಪು ಹೊಡೆತಕ್ಕೆ ಮುರಿಯಬಹುದು. ಮುರಿದರೆ ಹೊಸ ಹಿಕರಿ ಹಾಕಬಹುದು, ಹಳೆಯದು ಬರುವುದಿಲ್ಲ. ಆಡದೆ ಗೋಡೆಗೆ ತೂಗುಹಾಕಿದರೆ ಅದು ಕೋಲೇ ಅಲ್ಲ ಎನ್ನುವವರ ವಾದದಲ್ಲೂ ಹುರುಳಿಲ್ಲದಿಲ್ಲ. ಬಹುಮಂದಿ ಕಂಡುಕೊಂಡ ದಾರಿಯೆಂದರೆ ಅಪರೂಪದ ನೀಳ ಮೂಗಿನವನ್ನು ಕಪಾಟಿನಲ್ಲಿಟ್ಟು, 1920ರ ದಶಕದವನ್ನು ಮೈದಾನಕ್ಕೆ ಒಯ್ಯುವುದು. ನೀಳ ಮೂಗಿನವು ಇನ್ನು ಹುಟ್ಟುವುದಿಲ್ಲವಾದ್ದರಿಂದ ಇದು ಸರಿಯಾದ ದಾರಿಯೇ.

ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಲೆಕ್ಕ ಹಾಕಿದರೆ, ಅಲ್ಲಿನ ಮೊದಲ ಅರ್ಧ ಶತಮಾನದ ಆಟವೆಲ್ಲ ಮರದ ಕಾವಿನದೇ. ನಮ್ಮ ಬೇಸಿಗೆ ಅಂಥ ಕೋಲುಗಳಿಗೆ ಕಷ್ಟಕಾಲ. ಒಣ ಹವೆಗೆ ಮರ ಕುಗ್ಗಿ ಕಬ್ಬಿಣದ ತಲೆ ಗಡಗಡ ಅಲುಗುತ್ತದೆ. ಅದಕ್ಕೆ ಗಾಲ್ಫಿನವರಲ್ಲೂ ಇರುವ ಹಳೆಯ ಉಪಾಯ, ಗುದ್ದಲಿಯ ಕಾವು ಸಡಿಲವಾದಾಗ ನಮ್ಮ ರೈತರು ಮಾಡುವಂಥದ್ದೇ: ಆಡುವ ಹಿಂದಿನ ರಾತ್ರಿ ತಲೆಯನ್ನು ಬಕೆಟ್ ನೀರಿನಲ್ಲಿ ನೆನೆಸಿಡುವುದು.