ನಿಜಾಮರ ಲೆಕ್ಕದ ಪುಸ್ತಕದಲ್ಲಿ ನಮ್ಮ ಊರುಗಳು: 1947–48

ಇಯರ್‌ಫೋನ್ ಹಾಕ್ಕೊಂಡು ವಾಡಿಯಿಂದ ಹೈದರಾಬಾದ್ ಕಡೆ ರೈಲಿನಾಗ ಹೊಂಟವರು ಯಾರಾದ್ರೂ ಇದ್ರೆ, ಈ ಎಪಿಸೋಡ್ ನಿಮಗೇ. ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಹೋಗೋ ಆ ಹಳಿ ನಿಜಾಮರ ರೈಲ್ವೆಯದು, 1874ರಲ್ಲಿ ಶುರುವಾದದ್ದು. ವಾಡಿಯಲ್ಲಿ ಅದು ಬಾಂಬೆ–ಮದ್ರಾಸ್ ಲೈನಿಗೆ ಕೂಡ್ತಿತ್ತು. ಶಹಾಬಾದಿನ ಕಲ್ಲು, ಆಮೇಲೆ ಸಿಮೆಂಟು, ಹೊರಗೆ ಹೋಗಿದ್ದು ಆ ಲೈನಿನ ಮೇಲೇ. ಚಿಂಚೋಳಿಗೆ ಮಾತ್ರ ಇವತ್ತಿಗೂ ರೈಲಿಲ್ಲ. ಆ ಸಂಕಟ ಇನ್ನೊಂದು ಎಪಿಸೋಡಿಗೆ ಇಟ್ಕೊಳ್ಳೋಣ.

ಈ ಐದೂ ಊರು 1948ರ ಸೆಪ್ಟೆಂಬರ್ ತನಕ ಹೆಚ್ಚುಕಡಿಮೆ ಬೇರೆ ದೇಶದಲ್ಲೇ ಇದ್ದವು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ ಅಂತ. ತನ್ನದೇ ಅಂಚೆ, ರೈಲು, ಸೈನ್ಯ. ಸುಮಾರು 1.6 ಕೋಟಿ ಜನ.

ನಾನು ಬಿ.ಕಾಂ ಓದಿದವ, ಮೊದಲು ಲೆಕ್ಕ ನೋಡೋ ಚಟ. 1937ರಲ್ಲಿ ಟೈಮ್ ಪತ್ರಿಕೆ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನ ಮುಖಪುಟಕ್ಕೆ ಹಾಕಿ, ಜಗತ್ತಿನ ಅತಿ ಶ್ರೀಮಂತ ಅಂತ ಬರೀತು. ಅದೇ ಪುಸ್ತಕದ ಇನ್ನೊಂದು ಪುಟ ನೋಡ್ರಿ. ರಾಜ್ಯದ ಸುಮಾರು 40% ಜಮೀನು ಜಾಗೀರುದಾರರ ಕೈಯಲ್ಲಿ, ಇಲ್ಲಾಂದ್ರೆ ಸರ್ಫ್-ಎ-ಖಾಸ್, ಅಂದ್ರೆ ನಿಜಾಮರ ಸ್ವಂತದ್ದು. ದೊಡ್ಡ ಜಾಗೀರುಗಳಲ್ಲಿ ಕಂದಾಯ ಕೇಳೋರೂ ಅವರೇ, ಪೊಲೀಸೂ ಅವರದೇ. ಉಳುವವನಿಗೆ ಬಿಟ್ಟಿ ಚಾಕರಿ.

ಪ್ರತಿ ಸೆಪ್ಟೆಂಬರ್ ವಾಟ್ಸಾಪ್‌ನಾಗ ಬರೋ ಫಾರ್ವರ್ಡ್‌ಗಳು ಇದನ್ನ ಹಿಂದೂ–ಮುಸ್ಲಿಂ ಜಗಳ ಅಂತಷ್ಟೇ ಹೇಳ್ತಾವ. ಆದರೆ ಪಕ್ಕದ ತೆಲಂಗಾಣದಲ್ಲಿ ರೈತರು 1946ರಿಂದ ಕಮ್ಯುನಿಸ್ಟರ ಜೊತೆ ಸೇರಿ ಎದ್ದಿದ್ದು ದೇಶಮುಖರ ವಿರುದ್ಧ, ಆ ದೇಶಮುಖರಲ್ಲಿ ಹೆಚ್ಚಿನವರು ಹಿಂದೂಗಳು. ಜಗಳದ ತಳದಲ್ಲಿ ಇದ್ದದ್ದು ಭೂಮಿ.

ಮಾತಾಡೋಕೂ ಜಾಗ ಇರಲಿಲ್ಲ. 'ಗಸ್ತಿ ನಿಶಾನ್ 53' ಅಂತ ಒಂದು ಸುತ್ತೋಲೆ. ಅನುಮತಿ ಇಲ್ಲದೆ ಸಭೆ ಇಲ್ಲ. ಸ್ಟೇಟ್ ಕಾಂಗ್ರೆಸ್ಸನ್ನ 1938ರಲ್ಲಿ ಹುಟ್ಟೋಕೆ ಮುಂಚೆಯೇ ನಿಷೇಧಿಸಿದರು. ಆ ನಿಷೇಧ ತೆಗೆದದ್ದು 1946ರಲ್ಲಿ.

1947ರ ಜೂನ್‌ನಲ್ಲಿ ನಿಜಾಮರು ನಾವು ಯಾರ ಜೊತೆಯೂ ಸೇರಲ್ಲ ಅಂತ ಫರ್ಮಾನು ಹೊರಡಿಸಿದರು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಆಗಸ್ಟ್ 7ಕ್ಕೆ ಸತ್ಯಾಗ್ರಹ ಶುರುವಾಯ್ತು. ವಕೀಲರು ಕೋರ್ಟ್ ಬಿಟ್ಟರು, ಹುಡುಗರು ಶಾಲೆ ಬಿಟ್ಟರು. ರೈತರು ಲೆವಿ ಧಾನ್ಯ ಕೊಡಲ್ಲ ಅಂದರು. ನನಗೆ ಭಾರಿ ಇಷ್ಟವಾದ ಉಪಾಯ ಅಂದ್ರೆ ಈಚಲು ಮರ ಕಡಿದದ್ದು. ಸೇಂದಿ ಇಲ್ಲ ಅಂದ್ರೆ ಅಬಕಾರಿ ಆದಾಯ ಇಲ್ಲ. ಖಜಾನೆಯ ಬೇರಿಗೇ ಕೊಡಲಿ!

ಅತ್ತ ರಾಜಧಾನಿಯಲ್ಲಿ ಅಧಿಕಾರವೇ ಅಲುಗಾಡಿತು. ಅಕ್ಟೋಬರ್ 27ರ ಬೆಳಗಿನ ಜಾವ, ಭಾರತದ ಜೊತೆ ಒಪ್ಪಂದಕ್ಕೆ ದೆಹಲಿಗೆ ಹೊರಡಬೇಕಿದ್ದವರ ಮನೆಗಳನ್ನ ಖಾಸಿಂ ರಜ್ವಿಯ ಬೆಂಬಲಿಗರು ಸಾವಿರಾರು ಜನ ಸುತ್ತುವರಿದರು. ನಿಜಾಮರು ಮನಸ್ಸು ಬದಲಿಸಿದರು. ಪ್ರಧಾನಿ ಛತ್ತಾರಿ ನವಾಬರು ರಾಜೀನಾಮೆ ಕೊಟ್ಟರು. ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಅಷ್ಟೊತ್ತಿಗೆ ರಾಜ್ಯ ನಡೆಸೋರು ಯಾರು ಅನ್ನೋದೇ ಗೊತ್ತಾಗದ ಹಂಗಾಗಿತ್ತು.

ಆಮೇಲಿನ ತಿಂಗಳುಗಳು ರಜಾಕಾರರವು. ನಮ್ಮ ಕಡೆಯ ಹೋರಾಟಗಾರರು ಗಡಿ ದಾಟಿ ಸೊಲ್ಲಾಪುರ, ವಿಜಯಪುರ ಸೀಮೆಯಲ್ಲಿ ಶಿಬಿರ ಹಾಕಿದರು. 1948ರ ಮೇ ತಿಂಗಳಲ್ಲಿ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಮದ್ರಾಸ್–ಬಾಂಬೆ ರೈಲಿನ ಮೇಲೆ ದಾಳಿ ಆಯ್ತು. ಶಹಾಬಾದ್ ದಾಟಿ ಬಂದ ಅದೇ ಲೈನು. ಆಗಸ್ಟ್‌ನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನ ರಜಾಕಾರರು ಕೊಂದರು. ಭಾರತದ ಜೊತೆ ಸೇರಬೇಕು ಅಂತ ಬರೆದ ಮುಸ್ಲಿಂ ಪತ್ರಕರ್ತ ಅವರು. ಫಾರ್ವರ್ಡ್‌ಗಳಲ್ಲಿ ಇವರ ಹೆಸರು ಹುಡುಕಿ ನೋಡ್ರಿ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಮುಗೀತು. ಬಾವುಟ ಹಾರಿಸೋ ದಿನ ಅದು, ಹಾರಿಸಲೇಬೇಕು. ಆದರೆ ಆಮೇಲೆ ನಡೆದದ್ದೂ ನಮ್ಮ ಜಿಲ್ಲೆಯ ಇತಿಹಾಸವೇ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲಿ ಕಾರ್ಯಾಚರಣೆ ವೇಳೆ ಮತ್ತು ಆಮೇಲೆ ಸತ್ತವರು 18,000ಕ್ಕೆ ಕಮ್ಮಿ ಇಲ್ಲ ಅಂತ ಬರೀತು. ಅವರಲ್ಲಿ ಬಹುತೇಕರು ಮುಸ್ಲಿಮರು, ರಜಾಕಾರರ ಹೆಸರೂ ಹಚ್ಚಿಕೊಳ್ಳದ ಬಡವರೂ ಸೇರಿದಂತೆ. ಆ ವರದಿಯನ್ನ ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಒಂದು ಕಡೆಯ ಸಾವು ಎಣಿಸಿ ಇನ್ನೊಂದು ಕಡೆಯದು ಬಿಟ್ಟರೆ ಅದು ಲೆಕ್ಕ ಅಲ್ಲ, ನನ್ನ ಮಟ್ಟಿಗಂತೂ.

ಇನ್ನು ಜಮೀನಿನ ಮಾತು. 1949ರ ಆಗಸ್ಟ್‌ನಲ್ಲಿ ಜಾಗೀರು ರದ್ದಾದವು. ಜಾಗೀರುದಾರರಿಗೆ ಪರಿಹಾರ ಸಿಕ್ಕಿತು. ಮರು ವರ್ಷ ಗೇಣಿದಾರರ ಕಾಯ್ದೆ ಬಂತು. ನಿಜಾಮರಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ, ಜೊತೆಗೆ ರಾಜಪ್ರಮುಖ ಅನ್ನೋ ಹುದ್ದೆ. ಮೊದಲ ಚುನಾವಣೆಯಲ್ಲಿ ಗುಲ್ಬರ್ಗಾದ ಜನ ಸ್ವಾಮಿ ರಾಮಾನಂದ ತೀರ್ಥರನ್ನ ಲೋಕಸಭೆಗೆ ಕಳಿಸಿದಾಗಲೂ ರಾಜ್ಯದ ಮುಖ್ಯಸ್ಥರ ಕುರ್ಚಿಯಲ್ಲಿ ಉಸ್ಮಾನ್ ಅಲಿ ಖಾನರೇ ಕೂತಿದ್ದರು, 1956ರ ತನಕ.

ಗೇಣಿದಾರರಿಗೆ ನಿಜವಾಗಿ ಎಷ್ಟು ಎಕರೆ ದಕ್ಕಿತು ಅನ್ನೋದು ಮುಂದಿನ ಎಪಿಸೋಡ್. ನಿಮ್ಮ ಮನೆಯಲ್ಲಿ ಹಳೇ ಪಹಣಿ ಇದ್ರೆ ಅಜ್ಜನ ಹತ್ರ ಕೇಳಿ ತೆಗೆದಿಡ್ರಿ.